ಮೂವತ್ತು ರೊಟ್ಟಿ

ಹುನಗುಂದದ ರೂತವ್ವನ ಹತ್ತು ರೊಟ್ಟಿಯ ಹರಕೆ ಊರಿಗೆಲ್ಲ ಗೊತ್ತು. ಹನ್ನೊಂದು ವರ್ಷದ ಹಿಂದೆ ಆಕೆಯ ಗಂಡ ಬಾಗಲಕೋಟೆಯ ದವಾಖಾನೆಯೊಂದರಲ್ಲಿ ನಲವತ್ತು ದಿನ ಮಲಗಿದ್ದ. ಆಗ ಗುರುತು ಪರಿಚಯವಿಲ್ಲದ ಒಬ್ಬ ಹೆಂಗಸು ದಿನವೂ ಬಂದು ರೂತವ್ವನ ಕೈಗೆ ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಇಟ್ಟು ಹೋಗುತ್ತಿದ್ದಳು. ಹೆಸರು ಕೇಳಿದರೆ ನಕ್ಕು ಹೊರಟುಬಿಡುತ್ತಿದ್ದಳು. ಗಂಡ ಉಳಿಯಲಿಲ್ಲ. ಆದರೆ ಅವನನ್ನು ಮಣ್ಣಿಗಿಟ್ಟು ಬಂದ ದಿನವೇ ರೂತವ್ವ ಮೊಣಕಾಲೂರಿ ದೇವರಿಗೆ ಮಾತು ಕೊಟ್ಟಳು. ತಾನು ಬದುಕಿರುವ ತನಕ ದಿನಕ್ಕೆ ಹತ್ತು ರೊಟ್ಟಿ, ಊರ ದವಾಖಾನೆಯಲ್ಲಿ ಬೇನೆಯವರ ಕಾಲ ಬಳಿ ಹಸಿದು ಕೂತವರಿಗೆ. ಕೊರೋನಾ ಬಂದಾಗಲೂ ಆಕೆ ಗೇಟಿನ ಸಂದಿಯಿಂದ ಗಂಟು ತೂರಿಸಿ ಬಂದವಳು.

ಹರಕೆ ಹೊತ್ತವಳು ರೂತವ್ವ, ಅದು ನಿಜ. ರೊಟ್ಟಿ ಬಡಿಯುತ್ತಿದ್ದವಳು ಮಾತ್ರ ಸೊಸೆ ಜಯಶೀಲಾ.

ದವಾಖಾನೆಗೆ ಹತ್ತು. ಹಿಂದಿನ ಮನೆಯ ಕಣ್ಣು ಕಾಣದ ಮುದುಕಿ ಹುಚ್ಚವ್ವನಿಗೆ ಎರಡು. ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕೆಲಸಕ್ಕೆ ಬಸ್ಸು ಹತ್ತುವ ಗಂಡ ದೇವದಾನನ ಬುತ್ತಿಗೆ ಐದು. ಉಳಿದದ್ದು ಮನೆಯ ನಾಲ್ಕು ಹೊಟ್ಟೆಗೆ, ಹೋದವರು ಬಂದವರಿಗೆ. ದೇವದಾನ ಹೆಂಡತಿಗೆಂದು ಗುಲಾಬಿ ಬಣ್ಣದ ಒಂದು ಗ್ರಾನೈಟ್ ತುಂಡು ತಂದು ಕೊಟ್ಟಿದ್ದ. ಬೆಳಿಗ್ಗೆ ಐದೂವರೆಗೆ ಆ ಕಲ್ಲಿನ ಮೇಲೆ ಟಪಟಪ ಸಪ್ಪಳ ಶುರುವಾಯಿತೆಂದರೆ ಓಣಿಯವರು ಗಡಿಯಾರ ನೋಡುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಜಯಶೀಲಾಳ ಬಲತೋಳು ಹಿಡಿದುಕೊಂಡಿತು. ಮೊದಲು ಕೊಡ ಎತ್ತುವಾಗ ಚುಳುಕ್ ಎಂದಿತು. ಆಮೇಲೆ ಜಡೆ ಹಾಕಿಕೊಳ್ಳಲು ಕೈ ಹಿಂದೆ ಹೋಗದಾಯಿತು. ಕಾಲೇಜಿಗೆ ಹೋಗುವ ಮಗಳು ಕೃಪಾ ತಾಯಿಯ ಜಡೆ ಹೆಣೆಯತೊಡಗಿದಳು.

"ಅತ್ತೀ, ತೋಳು ಭಾಳ ನೋಯಾಕತ್ತೈತ್ರಿ," ಎಂದಳು ಜಯಶೀಲಾ ಒಂದು ದಿನ.

ರೂತವ್ವ ಚೀಲಕ್ಕೆ ರೊಟ್ಟಿ ತುಂಬುತ್ತಿದ್ದಳು. "ಚಳಿಗಿ ಹಂಗ ಆಕ್ಕೈತಿ. ಪ್ರಾರ್ಥನಿ ಮಾಡು."

ವಾರ ಬಿಟ್ಟು ಮತ್ತೆ ಹೇಳಿದಳು. "ಬಿಸಿನೀರು ಹಾಕ್ಕೋ. ಪ್ರಾರ್ಥನಿ ಮಾಡು," ಎಂದಳು ಅತ್ತೆ ಚಪ್ಪಲಿ ಮೆಟ್ಟುತ್ತ.

ಮೂರನೆಯ ಸಲ ಹೇಳಿದಾಗ ರೂತವ್ವ ಆಗಲೇ ಹೊಸ್ತಿಲು ದಾಟಿದ್ದಳು. "ಅಷ್ಟು ತ್ರಾಸ ಇದ್ರ ಚರ್ಚಿನ ಡಬ್ಬ್ಯಾಗ ಚೀಟಿ ಬರದು ಹಾಕವಾ. ಸಭಾದವರೆಲ್ಲ ಕೂಡಿ ಪ್ರಾರ್ಥನಿ ಮಾಡ್ತಾರ. ನನಗ ಹೊತ್ತಾತು. ಅಲ್ಲೊಬ್ಬಾಕಿ ಬಾಣಂತಿ ನಿನ್ನಿಯಿಂದ ಉಪಾಸ ಅದಾಳ."

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತು ಜಯಶೀಲಾಳ ನಾಲಿಗೆಯ ತುದಿಗೆ ಬಂದು ಹಲ್ಲಿಗೆ ತಾಗಿ ವಾಪಸು ಹೋಯಿತು. ಮಾರಿ ಎನ್ನುವಷ್ಟು ಕೆಟ್ಟವಳಲ್ಲ ಅತ್ತೆ. ಇದ್ದ ಕಷ್ಟವೇ ಅದು. ಕೆಟ್ಟವಳಾಗಿದ್ದರೆ ಒಂದು ದಿನ ಜಗಳ ತೆಗೆದು ಹಗುರಾಗಬಹುದಿತ್ತು. ಬಾಣಂತಿಗೆ ರೊಟ್ಟಿ ಒಯ್ಯುವವಳ ಕೂಡ ಜಗಳ ಕಾಯುವುದು ಹೇಗೆ?

ಹೇಳಿದ ಮಾತು ಮೀರುವ ಸೊಸೆಯಲ್ಲ ಆಕೆ. ಅತ್ತೆ ಚೀಟಿ ಹಾಕು ಎಂದಳು. ಆಕೆ ಹಾಕಿದಳು.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳ ಮೊದಲ ರವಿವಾರ. ಹದಿನಾಲ್ಕು ಮನೆಯ ಸಣ್ಣ ಸಭೆ ಅದು. ಪಾಸ್ಟರ್ ಡಬ್ಬಿಯಿಂದ ಚೀಟಿಗಳನ್ನು ತೆಗೆದು ಒಂದೊಂದಾಗಿ ಓದಿದರು. ಪರೀಕ್ಷೆ, ಮದುವೆ, ಬೋರ್‌ವೆಲ್ ಎಲ್ಲ ಆದ ಮೇಲೆ ಕನ್ನಡಕ ಸರಿಮಾಡಿಕೊಂಡು ಕೊನೆಯದನ್ನು ಓದಿದರು: "ನಮ್ಮ ಸಭೆಯ ಒಬ್ಬ ಸಹೋದರಿಯು ದಿನಕ್ಕೆ ಮೂವತ್ತು ರೊಟ್ಟಿ ಬಡಿಯುತ್ತಾಳೆ. ಆಕೆಯ ಬಲತೋಳು ಮೇಲೆ ಏಳುತ್ತಿಲ್ಲ. ಮನೆಯವರಿಗೆ ಹೇಳಿದರೂ ಕೇಳಿಸಿಲ್ಲ. ಆಕೆಗೋಸ್ಕರ ಪ್ರಾರ್ಥಿಸಿರಿ."

ಜಯಶೀಲಾ ಸೆರಗಿನ ಅಂಚು ಹಿಡಿದು ತಲೆ ತಗ್ಗಿಸಿದಳು. ಈಗ ಅತ್ತೆ ತಿರುಗಿ ನೋಡುತ್ತಾಳೆ ಎಂದುಕೊಂಡಳು. ಅತ್ತೆ ತಿರುಗಿಯೂ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಕೇಳಿದೇನ ಜಯಾ?" ಎಂದಳು ಕಿವಿಯ ಹತ್ತಿರ ಬಾಗಿ. "ಎಂಥಾ ಮಂದಿ ಇರ್ತಾರ ನೋಡು. ಮನ್ಯಾಗಿನ ಹೆಣಮಗಳ ನೋವು ಕಾಣಂಗಿಲ್ಲ ಅವರಿಗಿ!"

ಅಡುಗೆಮನೆಯಲ್ಲಿ ಆಡಿದರೆ ಬರಿಯ ತೋಳುನೋವು. ಅದೇ ಮಾತನ್ನು ಪಾಸ್ಟರ್ ಪುಸ್ತಕದ ಕನ್ನಡದಲ್ಲಿ ಓದಿದರೆ ಬೇರೆ ಯಾರದೋ ದೊಡ್ಡ ಸಂಕಟ. ರೂತವ್ವ ಸ್ತ್ರೀ ಸಂಘದ ಸೆಕ್ರೆಟರಿ. ಆರಾಧನೆ ಮುಗಿದದ್ದೇ ಎಲ್ಲರನ್ನೂ ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳಿದಳು: "ಈಸ್ಟರ್ ಬರೂದ್ರಾಗ ಆ ತಂಗೀನ್ನ ಹುಡುಕಿ ಆಕಿ ಕೈಯಾಗಿನ ಕೆಲಸ ಇಸ್ಕೊಳ್ದಿದ್ರ ನಾ ರೂತವ್ವನ ಅಲ್ಲ. ಇದು ದೇವರು ನನಗ ಹಚ್ಚಿದ ಕೆಲಸ."

ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದೇ ಮಾತು. "ಮೂವತ್ತು ಅಂದ್ರೇನು! ಖಾನಾವಳಿ ಇಟ್ಟಾರೇನು ಅವರು?"

"ಆಯಿ, ನಮ್ಮನ್ಯಾಗ ಎಷ್ಟು ಅಕ್ಕಾವ?" ಕೃಪಾ ಅಜ್ಜಿಯನ್ನು ಕೇಳಿದಳು.

"ನಮ್ಮದೇನು, ಹದಿನೈದು ಆದಾವು."

ಕೃಪಾ ಬಾಯಿ ತೆರೆದಳು. ಜಯಶೀಲಾ ಆಕೆಯ ತಾಟಿಗೆ ಬದನೆಕಾಯಿ ಪಲ್ಯ ಬಡಿಸುತ್ತ ಕಣ್ಣಲ್ಲೇ ಬಾಯಿ ಮುಚ್ಚಿಸಿದಳು. ಆಮೇಲೆ ಬಚ್ಚಲ ಬಳಿ ಮಗಳಿಗೆ ಕಟ್ಟುನಿಟ್ಟಾಗಿ ಹೇಳಿದಳು: "ನಾ ಹೇಳೂದು ಮೂರು ಸಲ ಹೇಳೀನಿ. ಇನ್ನ ದೇವರ ಹೇಳ್ಲಿ. ನೀ ನಡುವ ಬರಬ್ಯಾಡ."

ಗಂಡನಿಗೆ ಆಕೆ ಹೇಳಿದ ಮಾತು ಬೇರೆ. ಬಾಗಲಕೋಟೆಯ ನವನಗರದಲ್ಲಿದ್ದ ಅಣ್ಣ ಸುಧಾಕರ ಎರಡು ಖೋಲಿಯ ಬಾಡಿಗೆ ಮನೆ ನೋಡಿಟ್ಟಿದ್ದ. ದೇವದಾನನಿಗೆ ಅಲ್ಲೇ ಒಂದು ಗೋದಾಮಿನಲ್ಲಿ ಕೆಲಸಕ್ಕೂ ಮಾತಾಡಿದ್ದ.

"ಈಸ್ಟರ್ ತನಕ ನೋಡ್ತೇನಿ. ಆಮ್ಯಾಲ ನಾವು ಬ್ಯಾರೆ ಹೋಗೂಣ."

ದೇವದಾನ ಅಂಗಿ ಬಿಚ್ಚುತ್ತಿದ್ದವನು ಹಾಗೇ ನಿಂತ. "ಅವ್ವನ್ನ ಬಿಟ್ಟು?"

"ನಿಮ್ಮವ್ವನ್ನ ನೋಡ್ಕೊಳ್ಳಾಕ ಇಡೀ ಹುನಗುಂದ ಐತ್ರಿ. ನನ್ನ ನೋಡ್ಕೊಳ್ಳಾಕ ಯಾರದಾರ?"

"ನಾ ಹೇಳ್ತೇನಿ ತಡಿ ಅವ್ವಗ."

"ಬ್ಯಾಡ್ರಿ. ನೀವು ಹೇಳಿದ್ರ, ಸೊಸಿ ಗಂಡನ ಕಿವಿ ಊದಿ ದೇವರ ಹರಕಿ ಮುರಸಿದ್ಲು ಅಂತ ಆಕ್ಕೈತಿ. ಅವರಿಗಿ ತಾವ ಕಾಣಬೇಕು. ಕಾಣ್ಲಿಲ್ಲಂದ್ರ ಗಂಟು ಕಟ್ಟೂದು."

ದೇವದಾನ ಅಡಕತ್ತಿನಲ್ಲಿ ಸಿಕ್ಕ ಅಡಿಕೆಯಾದ. ತಾಯಿಯ ಹರಕೆ ಎಷ್ಟು ಖರೆಯೋ ಹೆಂಡತಿಯ ತೋಳೂ ಅಷ್ಟೇ ಖರೆ. ಮರುದಿನದಿಂದ ಅವನು ಬೆಳಿಗ್ಗೆ ಎದ್ದು ನೀರು ತುಂಬಿದ, ಹಿಟ್ಟಿನ ಡಬ್ಬಿ ಇಳಿಸಿ ಕೊಟ್ಟ. ಮಗ ಎಷ್ಟು ಒಳ್ಳೆಯವನು ಎಂದು ರೂತವ್ವ ಓಣಿಯಲ್ಲಿ ಹೇಳಿಕೊಂಡು ಬಂದಳು.

ಹುಡುಕಾಟ ಜೋರಾಗಿ ನಡೆಯಿತು. ರೂತವ್ವ ಎರಡು ಮೂರು ದಿನಕ್ಕೊಂದು ಮನೆ ಹಿಡಿದಳು. ಹೋದ ಮನೆಯಲ್ಲಿ ಮೊದಲು ಪ್ರಾರ್ಥನೆ, ಆಮೇಲೆ ಚಹಾ, ಆಮೇಲೆ ತಪಾಸಣೆ. "ಎಲ್ಲಿ, ಬಲಗೈ ಮ್ಯಾಲ ಮಾಡು," ಎಂದು ಹೆಂಗಸರನ್ನೆಲ್ಲ ಕವಾಯತು ಮಾಡಿಸಿದಳು. ರೊಟ್ಟಿಬುಟ್ಟಿಯ ಮೇಲಿನ ಬಟ್ಟೆ ಸರಿಸಿ ಎಣಿಸಿದಳು. ಸುಮ್ಮನೆ ಎಣಿಸಿ ಬರಲಿಲ್ಲ, ಸೆರಗು ಸಿಕ್ಕಿಸಿ ಅವರ ಭಾಂಡೆ ತಿಕ್ಕಿದಳು, ಜೋಳ ಹಸನು ಮಾಡಿಕೊಟ್ಟಳು. ಒಬ್ಬ ಬಸುರಿಯ ಮನೆಯಲ್ಲಿ ಮೂರು ದಿನ ಅರಿವೆ ಒಗೆದಳು.

"ನಿಮ್ಮತ್ತಿ ನಮ್ಮ ಬುಟ್ಟ್ಯಾಗ ಕೈ ಹಾಕಿ ರೊಟ್ಟಿ ಎಣಿಸ್ಯಾಳ ನೋಡವಾ," ಎಂದು ಸಭೆಯ ಮಾರ್ತವ್ವ ಕಿರಾಣಿ ಅಂಗಡಿಯ ಮುಂದೆ ಜಯಶೀಲಾಳನ್ನು ಹಿಡಿದು ನಿಲ್ಲಿಸಿದಳು. "ಹದಿನಾರು ಇದ್ವು. ಎರಡು ಉಳೀತಾವ ಅಂದಿದ್ಕ, ಹಾಳ ಮಾಡ್ತೀರಿ ಅಂತ ನನಗ ಬೈದ್ಲು!"

ಜಯಶೀಲಾ ನಕ್ಕಳು. ನಗುವಾಗಲೂ ತೋಳು ನೋಯಿತು.

ಸಂಜೆ ರೂತವ್ವ ದಣಿದು ಬಂದು ಗೋಡೆಗೆ ಒರಗುತ್ತಿದ್ದಳು. "ಇವತ್ತೂ ಸಿಗಲಿಲ್ಲ ಜಯಾ. ಎಲ್ಲಿ ಅದಾಳೋ, ಎಷ್ಟು ಅಳ್ತಾಳೋ. ಎರಡು ಬಿಸಿ ರೊಟ್ಟಿ ಹಾಕ್ತಿಯೇನು?" ಸೊಸೆ ಹಾಕುತ್ತಿದ್ದಳು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಆದರೆ ಆ ಮುದುಕಿಯ ಮುಖದ ಮೇಲಿನ ಸಂಕಟ ಸುಳ್ಳಾಗಿರಲಿಲ್ಲ. ಅದಕ್ಕೇ ಜಯಶೀಲಾಳಿಗೆ ಒಮ್ಮೊಮ್ಮೆ ಸಿಟ್ಟು, ಒಮ್ಮೊಮ್ಮೆ ಅಳು.

ನಾಲ್ಕನೆಯ ವಾರ ರೂತವ್ವ ಆ ತಂಗಿಗಾಗಿ ಎಣ್ಣೆ ಕಾಸಲು ಕೂತಳು. ಔಡಲೆಣ್ಣೆ, ಬಳ್ಳೊಳ್ಳಿ, ಅಜವಾನ. ಕೈಯಾಡಿಸಲು ಸೊಸೆಯನ್ನೇ ಕರೆದಳು.

"ಎಡಗೈಲೆ ಯಾಕ ತಿರುವಾಕತ್ತಿ?"

"ಬಲಗೈ ಬರವಲ್ದರಿ."

"ಹಿಟ್ಟು ಆಗೈತೇನ? ತೊಳಕೊಂಡು ಬಾ ಹೋಗು," ಎಂದಳು ರೂತವ್ವ ಒಲೆಯಿಂದ ಕಣ್ಣೆತ್ತದೆ. ಆರಿದ ಎಣ್ಣೆಯನ್ನು ಬಾಟಲಿಗೆ ಹಾಕಿ, ಯಾರೂ ಮುಟ್ಟಬಾರದೆಂದು ಮೇಲಿನ ಹಲಗೆಯ ಮೇಲಿಟ್ಟಳು. "ಅದು ಆ ತಂಗೀದು," ಎಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟಳು. ಆ ಹಲಗೆಗೆ ಜಯಶೀಲಾಳ ಬಲಗೈ ಎಟುಕುತ್ತಲೂ ಇರಲಿಲ್ಲ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ರವಿವಾರವೂ ದಾಟಿತು. ಹದಿಮೂರು ಮನೆ ಮುಗಿದವು. ಶುಭ ಶುಕ್ರವಾರಕ್ಕೆ ಎರಡು ದಿನ ಉಳಿದಿತ್ತು. ಜಯಶೀಲಾ ಟ್ರಂಕಿನಿಂದ ಹಾಸಿಗೆ ಹೊದಿಕೆಗಳನ್ನು ತೆಗೆದು ಯಾವುದು ಇಲ್ಲಿಗೆ, ಯಾವುದು ಅಲ್ಲಿಗೆ ಎಂದು ಎರಡು ಗುಂಪು ಮಾಡಿದ್ದಳು. ಅತ್ತೆ ಕೇಳಿದ್ದಕ್ಕೆ ಬಿಸಿಲಿಗೆ ಹಾಕಲು ಎಂದಳು.

ಬುಧವಾರ ಬೆಳಿಗ್ಗೆ ರೂತವ್ವ ಎಂದಿನಂತೆ ಚೀಲ ಹಿಡಿದು ಮೊದಲು ಹುಚ್ಚವ್ವನ ಮನೆಗೆ ಹೋದಳು. ಹುಚ್ಚವ್ವ ಬೀರಪ್ಪನ ಭಕ್ತೆ. ರೂತವ್ವನ ಪ್ರಾರ್ಥನೆಗೆ ಕೈ ಮುಗಿದು, ಆಮೇಲೆ ತನ್ನ ಬೀರಪ್ಪನಿಗೂ ಕೈ ಮುಗಿದು ಉಣ್ಣುವವಳು. ಆವತ್ತು ರೊಟ್ಟಿಯನ್ನು ಕೈಗೆ ತೆಗೆದುಕೊಂಡು, ಮುರಿಯದೆ, ಅಂಚಿನುದ್ದಕ್ಕೂ ಬೆರಳು ಆಡಿಸಿದಳು.

"ರೂತವ್ವಾ, ಒಂದು ಕೇಳ್ತೇನಿ. ನಿಮ್ಮನ್ಯಾಗ ಈಗ ರೊಟ್ಟಿ ಯಾರು ಮಾಡ್ತಾರ?"

"ಜಯಾನ. ಮತ್ಯಾರು?"

"ಹಂಗಾರ ಎಡಗೈಲೆ ಮಾಡಾಕತ್ತಾಳ."

"ಏನರ ಅಂತಿ ನೋಡು!"

"ಕಣ್ಣು ಹೋಗ್ಯಾವ, ಬೆರಳು ಹೋಗಿಲ್ಲವಾ," ಎಂದಳು ಹುಚ್ಚವ್ವ. "ಆಕಿ ರೊಟ್ಟಿ ಅಂಚಿಂದ ಅಂಚಿಗಿ ಒಂದ ಸಮ ಇರ್ತಿತ್ತು. ಈಗ ನಡುಬರಕ ದಪ್ಪ, ಅಂಚು ಸೀಳಿರ್ತಾವ. ಬಡಿಯೂ ಕೈ ಬದಲಾಗಿ ಎರಡು ತಿಂಗಳ ಮ್ಯಾಲ ಆತು. ಬಲಗೈಗಿ ಏನಾಗೈತಿ ಹುಡುಗಿಗಿ?"

ರೂತವ್ವ ಚೀಲದ ಗಂಟು ಬಿಚ್ಚಿದಳು. ಹತ್ತು ರೊಟ್ಟಿ. ಒಂದನ್ನು ತೆಗೆದು ಬೆಳಕಿಗೆ ಹಿಡಿದಳು, ಇನ್ನೊಂದನ್ನು ಹಿಡಿದಳು. ಹದಿಮೂರು ಮನೆಯ ಬುಟ್ಟಿ ನೋಡಿದವಳು ಹನ್ನೊಂದು ವರ್ಷ ತಾನೇ ಹೊತ್ತು ಹಂಚಿದ ರೊಟ್ಟಿಯನ್ನು ಒಮ್ಮೆಯೂ ದಿಟ್ಟಿಸಿ ನೋಡಿರಲಿಲ್ಲ. ಬೆರಳು ಮಡಚತೊಡಗಿದಳು. ದವಾಖಾನೆಗೆ ಹತ್ತು, ಹುಚ್ಚವ್ವಗೆ ಎರಡು, ದೇವದಾನನ ಬುತ್ತಿಗೆ ಐದು, ತನಗೆ, ಕೃಪಾಳಿಗೆ, ಸಂಜೆಗೆ, ಬಂದವರಿಗೆ. ಎರಡು ಕೈಯ ಬೆರಳು ಮೂರು ಸಲ ಮಡಚಿದವು.

"ಅಯ್ಯೋ ನನ್ನಪ್ಪಾ," ಎಂದಳು. "ಆ ತಂಗಿ ನಮ್ಮನ್ಯಾಗ ಅದಾಳ."

ಹುಚ್ಚವ್ವನಿಗೆ ಚೀಟಿಯ ಕತೆ ಗೊತ್ತಿತ್ತು. ಗೊತ್ತಿಲ್ಲದವರು ಊರಲ್ಲಿ ಯಾರೂ ಉಳಿದಿರಲಿಲ್ಲ. "ಬಗಲಾಗ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತ," ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ರೂತವ್ವ ಅಳುತ್ತಿರುವುದು ಕೇಳಿಸಿದ ಮೇಲೆ ನಗು ನಿಲ್ಲಿಸಿ, "ಹೋಗು ಹೋಗು, ಮನಿಗಿ ಹೋಗು," ಎಂದಳು.

ಆದರೆ ದವಾಖಾನೆಯಲ್ಲಿ ಹತ್ತು ಮಂದಿ ಕಾಯುತ್ತಿದ್ದರು. ರೂತವ್ವ ಮೊದಲು ಅಲ್ಲಿಗೆ ಹೋದಳು. ಆವತ್ತು ಒಂದೊಂದು ರೊಟ್ಟಿಯನ್ನೂ ನೋಡಿ ನೋಡಿ ಕೊಟ್ಟಳು.

ಮನೆಗೆ ಬಂದಾಗ ಜಯಶೀಲಾ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಜಯಾ, ಎದ್ದು ನಿಂದರು. ಬಲಗೈ ಮ್ಯಾಲ ಮಾಡು."

ಜಯಶೀಲಾ ಅತ್ತೆಯ ಮುಖ ನೋಡಿದಳು. ಎದ್ದು ನಿಂತು ಕೈ ಎತ್ತಿದಳು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು.

"ನೀ ನನಗ ಮೂರು ಸಲ ಹೇಳಿದ್ದೆಲ್ಲ?"

"ಹೇಳಿದ್ನಿರಿ."

"ನಾ ಏನಂದೆ?"

"ಪ್ರಾರ್ಥನಿ ಮಾಡು, ಚೀಟಿ ಹಾಕು ಅಂದ್ರಿ. ಹಾಕಿದ್ನಿ."

ರೂತವ್ವ ಕಟ್ಟೆಯ ಮೇಲೆ ಕುಸಿದು ಕೂತಳು. "ಬಾಯಿಬಿಟ್ಟು ಇನ್ನೊಮ್ಮೆ ಹೇಳಬಾರದಾಗಿತ್ತೇನ ನನ್ನವ್ವಾ?"

ಅಲ್ಲಿಯವರೆಗೆ ತಡೆದಿದ್ದೆಲ್ಲ ಜಯಶೀಲಾಳ ಬಾಯಿಗೆ ಬಂತು. "ಎಷ್ಟು ಸಲ ಹೇಳಲಿ ಅತ್ತೀ? ಬ್ಯಾರೇದವರು ಚೀಟಿ ಹಾಕಿದ್ರ ನಿಮಗ ಕೇಳಿಸ್ತೈತಿ. ನಾ ಬಾಜೂಕ ನಿಂತು ಹೇಳಿದ್ರ ಕೇಳ್ಸಂಗಿಲ್ಲ. ಹರಕಿ ನಿಮ್ದು, ತೋಳು ನಂದು! ದವಾಖಾನಿ ಮಂದೀಗಿ ಕೊಡಬ್ಯಾಡ್ರಿ ಅಂತ ನಾ ಎಂದರ ಅಂದೀನೇನು? ಒಂದ ದಿನ, ಒಂದ ದಿನ ನೀವು 'ಜಯಾ, ನೀ ಉಂಡ್ಯಾ' ಅಂತ ಕೇಳೀರೇನು?"

ರೂತವ್ವ ಇಲ್ಲ ಎಂದು ತಲೆಯಾಡಿಸಿದಳು. ಸಮಾಧಾನದ ಮಾತು, ಬೈಬಲ್ ವಾಕ್ಯ, ಪ್ರಾರ್ಥನೆ ಯಾವುದನ್ನೂ ನಡುವೆ ತರಲಿಲ್ಲ. ಆಕೆಯ ಬಾಳಿನಲ್ಲಿ ಅದೇ ಮೊದಲಿರಬೇಕು. ಎದ್ದು ಒಳಗೆ ಹೋಗಿ, ಮೇಲಿನ ಹಲಗೆಯಿಂದ ಬಾಟಲಿ ಇಳಿಸಿಕೊಂಡು ಬಂದು, ಸೊಸೆಯ ಹಿಂದೆ ಕೂತು ತೋಳಿಗೆ ಎಣ್ಣೆ ತಿಕ್ಕತೊಡಗಿದಳು. ಇಬ್ಬರೂ ಅತ್ತರು. ಅತ್ತ ಮೇಲೆ ಜಯಶೀಲಾ, "ಅಲ್ಲಲ್ರಿ, ಇನ್ನೂ ಸ್ವಲ್ಪ ಮ್ಯಾಲ," ಎಂದಳು.

ಕಾಲೇಜಿನಿಂದ ಬಂದ ಕೃಪಾ ಬಾಗಿಲಲ್ಲೇ ನಿಂತಳು. "ಆಯಿ! ಆ ಎಣ್ಣಿ ಯಾರೂ ಮುಟ್ಟಬ್ಯಾಡ್ರಿ ಅಂದಿದ್ದಿ!"

"ಯಾರದೈತಿ ಅವರಿಗೇ ಹಚ್ಚಾಕತ್ತೀನಿ. ಬಾಯಿ ಮುಚ್ಚಿ ಒಳಗ ಹೋಗು, ಚಹಾ ಇಡು."

ಮರುದಿನ ಬೆಳಿಗ್ಗೆ ಗುಲಾಬಿ ಕಲ್ಲಿನ ಮುಂದೆ ರೂತವ್ವ ಕೂತಳು. ಹನ್ನೊಂದು ವರ್ಷ ಹಿಟ್ಟು ಮುಟ್ಟದ ಕೈ. ಮೊದಲ ರೊಟ್ಟಿ ಅರ್ಧಕ್ಕೇ ಹರಿಯಿತು. ಎರಡನೆಯದನ್ನು ನೋಡಿ ದೇವದಾನ, "ಯವ್ವಾ, ಇದು ಯಾವ ಜಿಲ್ಲಾದ ನಕಾಶೆ?" ಎಂದ. "ತಿನ್ನೂದಿದ್ರ ತಿನ್ನು, ಇಲ್ಲಂದ್ರ ನೀನ ಬಡಿ," ಎಂದಳು. ಅವನು ಅಂಗಿಯ ತೋಳು ಮಡಚಿ ಕಲ್ಲಿನ ಮುಂದೆ ಕೂತೇಬಿಟ್ಟ. ಅವನ ರೊಟ್ಟಿ ತಾಯಿಯದಕ್ಕಿಂತ ಗುಂಡಗಾಯಿತು. ಬಾಗಿಲಿಗೆ ಒರಗಿ ನೋಡುತ್ತಿದ್ದ ಜಯಶೀಲಾ, ಇಷ್ಟು ವರ್ಷ ಈ ಗುಟ್ಟು ಮುಚ್ಚಿಟ್ಟಿದ್ದಿರಲ್ಲ ಎಂದು ಗಂಡನಿಗೆ ಬೈದಳು.

ಶನಿವಾರ ಗಂಡ ಹೆಂಡತಿ ಬಾಗಲಕೋಟೆಗೆ ಹೋದರು. ಜಯಶೀಲಾಳ ಚಿಕ್ಕಮ್ಮನೊಬ್ಬಳು ಎಲುಬಿಗೆ ಹತ್ತಿದ ಕೆಟ್ಟ ರೋಗದಿಂದ ತೀರಿಕೊಂಡಿದ್ದಳು. ಆಕೆಗೂ ಮೊದಲು ತೋಳೇ ನೋಯುತ್ತಿತ್ತು. ಜಯಶೀಲಾ ಈ ಹೆದರಿಕೆಯನ್ನು ಗಂಡನಿಗೂ ಹೇಳಿರಲಿಲ್ಲ. ಡಾಕ್ಟರು ಎಕ್ಸ್‌ರೇ ತೆಗೆಸಿ, ಕೈ ತಿರುವಿ ನೋಡಿ, ಭುಜದ ಕೀಲು ಬಿಗಿದುಕೊಂಡಿದೆ, ಬೇರೆ ಏನೂ ಇಲ್ಲ ಎಂದರು. ಮೂರು ತಿಂಗಳು ರೊಟ್ಟಿ ಬಡಿಯುವುದು ಬೇಡ, ದಿನವೂ ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸುತ್ತ ಕೈ ಏರಿಸಬೇಕು ಎಂದು ಮಾಡಿ ತೋರಿಸಿದರು. ಹೊರಗೆ ಬಂದದ್ದೇ ಜಯಶೀಲಾಳಿಗೆ ಹಸಿವಾಯಿತು. ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಮಿರ್ಚಿಭಜಿ ತಿಂದಳು. ದೇವದಾನನ ತಾಟಿನಿಂದ ಐದನೆಯದನ್ನೂ ಎತ್ತಿಕೊಂಡಳು.

"ಇಲ್ಲೀ ತನಕ ಬಂದೀವಿ. ನವನಗರದ ಮನಿ ನೋಡ್ಕೊಂಡ ಹೋಗೂಣೇನು?" ದೇವದಾನ ಮೆಲ್ಲಗೆ ಕೇಳಿದ.

"ಇವತ್ತ ಬ್ಯಾಡ್ರಿ," ಎಂದಳು. ಎಂದೂ ಬೇಡ ಎನ್ನಲಿಲ್ಲ.

ಈಸ್ಟರ್ ಆರಾಧನೆಯಲ್ಲಿ, ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳುವವರು ಎದ್ದು ನಿಲ್ಲಿರಿ ಎಂದು ಪಾಸ್ಟರ್ ಹೇಳುವ ಮೊದಲೇ ರೂತವ್ವ ಎದ್ದಿದ್ದಳು.

"ಆ ತಂಗಿ ಸಿಕ್ಕಾಳ್ರಿ," ಎಂದಳು. ಇಡೀ ಸಭೆ ತಿರುಗಿತು. "ನಮ್ಮನ್ಯಾಗ ಅದಾಳ. ಮನ್ಯಾಗಿನ ಹೆಣಮಗಳ ನೋವು ಕಾಣದಂಥಾ ಮಂದಿ ಅಂತ ಬೈದ್ನೆಲ್ಲ, ಆ ಮಂದಿ ನಾನ. ದೇವರ ಮುಂದ, ನಿಮ್ಮ ಮುಂದ, ಜಯಾನ ಮುಂದ ಒಪ್ಕೋತೇನಿ." ಸೆರಗು ಸಿಕ್ಕಿಸಿಕೊಂಡಳು. "ಹರಕಿ ಬಿಡಂಗಿಲ್ಲರಿ ನಾ. ಬಡಿಯಾಕ ಕುಂತ್ರ ನಾಕು ಆಗೂದ್ರಾಗ ಸೊಂಟ ಹಿಡೀತೈತಿ. ಖರೆ, ಯಾರ ಬುಟ್ಟ್ಯಾಗ ಎಷ್ಟು ಉಳೀತಾವ ಅಂತ ನನಗ ಗೊತ್ತೈತಿ. ಮನಿಗೊಂದು ರೊಟ್ಟಿ ತಗದಿಡ್ರಿ. ನಾನ ಬಂದು ಇಸ್ಕೊಂಡು ಹೋಗ್ತೇನಿ. ಹರಕಿ ನಂದು, ಕಾಲೂ ನಂದು."

"ಅಂತೂ ಎಣಿಸಿದ್ದು ಪುಕ್ಕಟ ಹೋಗ್ಲಿಲ್ಲ ಬಿಡ್ರಿ," ಎಂದಳು ಮಾರ್ತವ್ವ ಹಿಂದಿನಿಂದ. ಪಾಸ್ಟರೂ ನಕ್ಕರು. ಈ ಸಲ ಜಯಶೀಲಾ ತಲೆ ತಗ್ಗಿಸಲಿಲ್ಲ.

ಸೋಮವಾರದಿಂದ ರೂತವ್ವ ಮನೆ ಮನೆ ತಿರುಗಿ ರೊಟ್ಟಿ ಕೂಡಿಸತೊಡಗಿದಳು. ಮೊದಲ ದಿನವೇ ಹದಿಮೂರು ಬಂದವು. ಬೇರೆ ಬೇರೆ ಕೈಯ ರೊಟ್ಟಿ, ಒಂದು ತೆಳು, ಒಂದು ದಪ್ಪ. ಹೊರಡುವ ಮೊದಲು ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಜಯಾ, ಉಂಡ್ಯಾ?" ಎಂದು ಕೇಳುತ್ತಿದ್ದಳು. ಬೆಳಿಗ್ಗೆ ಆರಕ್ಕೇ ಕೇಳಿದರೆ ಏನು ಹೇಳುವುದೆಂದು ಜಯಶೀಲಾಳಿಗೆ ತಿಳಿಯುತ್ತಿರಲಿಲ್ಲ.

ಮೂರು ವಾರ ಕಳೆದವು. ಕೃಪಾ ಅಡುಗೆಮನೆಯ ಗೋಡೆಯ ಮೇಲೆ ತಾಯಿಯ ಬೆರಳು ಮುಟ್ಟಿದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿದ್ದಳು. ಗೆರೆಗಳು ಎದೆಯಿಂದ ಗದ್ದಕ್ಕೆ, ಗದ್ದದಿಂದ ಕಿವಿಗೆ ಏರಿದ್ದವು. ಆ ದಿನ ಜಯಶೀಲಾ ಬೆರಳು ನಡೆಸುತ್ತ ಹಣೆಯ ಮಟ್ಟ ಮುಟ್ಟಿದ್ದಾಗ ಸುಧಾಕರನ ಫೋನು ಬಂತು. ಮಗಳು ಫೋನನ್ನು ತಾಯಿಯ ಕಿವಿಗೆ ಹಿಡಿದಳು. ಮನೆಯ ಮಾಲಕ ಅವಸರ ಮಾಡುತ್ತಿದ್ದಾನೆ, ಬರುತ್ತೀರೋ ಇಲ್ಲವೋ ಎಂದು ಅಣ್ಣ ಕೇಳಿದ.

ಒಲೆಯ ಬಳಿ ರೂತವ್ವ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ನಿಂತಿತು. ಟ್ರಂಕಿನಿಂದ ತೆಗೆದ ಹೊದಿಕೆಗಳ ಎರಡು ಗುಂಪು ಬಿಸಿಲಿಗೆ ಹೋಗದೆ ಹಾಗೇ ಉಳಿದದ್ದು ಆಕೆಯ ಕಣ್ಣಿಗೂ ಬಿದ್ದಿತ್ತು. ಮತ್ತೊಮ್ಮೆ ಕೇಳುವ ಧೈರ್ಯವಾಗಿರಲಿಲ್ಲ, ಅಷ್ಟೇ.

"ಬ್ಯಾಡಣ್ಣಾ," ಎಂದಳು ಜಯಶೀಲಾ. "ಆ ಮನಿ ಬ್ಯಾರೇದವರಿಗಿ ಕೊಡಾಕ ಹೇಳು. ನನಗ ಇಲ್ಲಿ ಗ್ವಾಡಿ ಇನ್ನೂ ಎರಡು ಗೇಣು ಏರೂದೈತಿ."

ಒಲೆಯ ಬಳಿ ಸಪ್ಪಳ ಮತ್ತೆ ಶುರುವಾಯಿತು. ಮೊದಲಿಗಿಂತ ಜೋರಾಗಿ, ತಾಳವಿಲ್ಲದೆ, ಕಲ್ಲು ಒಡೆಯುವಂತೆ.

"ಸಾವಕಾಶ ಬಡೀರಿ ಅತ್ತೀ," ಜಯಶೀಲಾ ಗೋಡೆಯಿಂದ ಕೈ ತೆಗೆಯದೆ ಕೂಗಿದಳು. "ನಿಮ್ಮ ತೋಳೂ ಹಿಡದೀತು!"